ಕಲ್ಮನೆಯ ಕಿಂಡಿ: ಮೂಡುಕೊಣಾಜೆಯ ಬೃಹತ್‌ಶಿಲಾ ಸಮಾಧಿಗಳು

ಗುಬ್ಬಿ, ನಿಟ್ಟೂರು, ತುಮಕೂರುಗಳ ಕಡೆಯಿಂದ ಕರಾವಳಿಯ ಬಸದಿಗಳ ದರ್ಶನಕ್ಕೆ ಹೊರಡುವ ಯಾತ್ರಿಕರು ಘಟ್ಟವಿಳಿದು ಮೂಡುಬಿದಿರೆ ಸೇರಿದಾಗ ಮೊದಲು ನೋಡುವುದು 1430ರಲ್ಲಿ ನಿರ್ಮಾಣಗೊಂಡ ಸಾವಿರ ಕಂಬದ ಬಸದಿಯನ್ನು. ಹೊಯ್ಸಳರ ಕಾಲದ ನಿಟ್ಟೂರಿನ ಬಸದಿಯನ್ನು ಕಂಡು ಬೆಳೆದ ಕಣ್ಣುಗಳಿಗೆ ಇಲ್ಲಿನ ಇಳಿಜಾರು ಮಾಡುಗಳೂ ಕಲ್ಲಿನ ಕಂಬಗಳ ಸಾಲೂ ಬೇರೊಂದು ಲೋಕವೆನಿಸುತ್ತವೆ. ಸ್ವಲ್ಪ ಬಿಡುವಿದ್ದವರು ಊರಿನ ಅಂಚಿನಲ್ಲಿರುವ ಜೈನ ಸಮಾಧಿಗಳನ್ನೂ ನೋಡಿಬರುತ್ತಾರೆ. ಮುರಕಲ್ಲಿನಲ್ಲಿ ಅಂತಸ್ತುಗಳಾಗಿ ಮೇಲೇರುತ್ತ ಕಿರಿದಾಗುವ ಆ ರಚನೆಗಳು ನಾಡಿನ ಬೇರೆಡೆ ಅಷ್ಟಾಗಿ ಕಾಣಸಿಗುವಂಥವಲ್ಲ. ಅಲ್ಲಿಗೆ ಮೂಡುಬಿದಿರೆಯ ಪ್ರಾಚೀನತೆಯನ್ನು ಕಂಡಾಯಿತೆಂಬ ತೃಪ್ತಿಯಿಂದ ಯಾತ್ರೆ ಕಾರ್ಕಳದತ್ತಲೋ ವೇಣೂರಿನತ್ತಲೋ ಮುಂದುವರಿಯುತ್ತದೆ.

ಆದರೆ ಅದೇ ಊರಿನಿಂದ ಶಿರ್ತಾಡಿಗೆ ಹೋಗುವ ದಾರಿಯಲ್ಲಿ, ಸುಮಾರು ಎಂಟು ಕಿಲೋಮೀಟರು ದೂರದಲ್ಲಿ, ಈ ಬಸದಿಗಳಿಗಿಂತಲೂ ಈ ಸಮಾಧಿಗಳಿಗಿಂತಲೂ ಎರಡು ಸಾವಿರ ವರ್ಷಗಳಷ್ಟು ಹಳೆಯ ಮೃತರ ನೆಲೆಯೊಂದಿದೆ. ಊರಿನ ಹೆಸರು ಮೂಡುಕೊಣಾಜೆ. ಮಂಗಳೂರು ವಿಶ್ವವಿದ್ಯಾನಿಲಯವಿರುವ ಕೊಣಾಜೆ ಬೇರೆ, ಇದು ಬೇರೆ. ಅಲ್ಲಿನ ಕಲ್ಲುಗುಡ್ಡದ ಇಳಿಜಾರಿನಲ್ಲಿ ನಿಂತಿರುವ ಚಪ್ಪಡಿಗಳನ್ನು ಸುತ್ತಲಿನ ಜನ ಪಾಂಡವರ ಕಲ್ಲು ಎಂದು ಕರೆಯುತ್ತಾರೆ. ಪ್ರಾಕ್ತನಶಾಸ್ತ್ರದ ಮಾತಿನಲ್ಲಿ ಇವು ಬೃಹತ್‌ಶಿಲಾ ಸಂಸ್ಕೃತಿಗೆ ಸೇರಿದ ಡಾಲ್ಮೆನ್‌ಗಳು, ಎಂದರೆ ಶವಸಂಸ್ಕಾರಕ್ಕೆಂದು ನೆಲದ ಮೇಲೆ ಕಟ್ಟಿದ ಕಲ್ಲಿನ ಕೋಣೆಗಳು.

ಈ ನೆಲೆಯನ್ನು ವಿದ್ವತ್ಪ್ರಪಂಚದ ಗಮನಕ್ಕೆ ತಂದವರು ಇತಿಹಾಸಕಾರ ಪುಂಡಿಕಾೖ ಗಣಪಯ್ಯ ಭಟ್ಟರು. 1980ರ ದಶಕದಲ್ಲಿ ಅವರು ಇದನ್ನು ವರದಿ ಮಾಡಿದರು. ಒಂಬತ್ತು ಸಮಾಧಿಗಳ ಈ ಗುಂಪು ತುಳುನಾಡಿನ ಮಟ್ಟಿಗೆ ದೊಡ್ಡದೇ. ಇಂದು ಆ ಒಂಬತ್ತರಲ್ಲಿ ರೂಪ ಕೆಡದೆ ಉಳಿದಿರುವವು ಎರಡು ಮಾತ್ರ. ಮಿಕ್ಕ ಏಳು ಉರುಳಿದ ಚಪ್ಪಡಿಗಳ ರಾಶಿಗಳಾಗಿವೆ. ಬಯಲುಸೀಮೆಯ ಬ್ರಹ್ಮಗಿರಿಯಲ್ಲಿಯೋ ಹಿರೇಬೆಣಕಲ್ಲಿನಲ್ಲಿಯೋ ಇಂಥ ಸಮಾಧಿಗಳನ್ನು ನೂರರ ಲೆಕ್ಕದಲ್ಲಿ ಕಂಡವರಿಗೆ ಒಂಬತ್ತು ಅಲ್ಪವೆನಿಸಬಹುದು. ಸಂಖ್ಯೆ ಇಷ್ಟು ಚಿಕ್ಕದಾಗಿರುವುದರಿಂದಲೇ ಇಲ್ಲಿ ಪ್ರತಿಯೊಂದು ಚಪ್ಪಡಿಗೂ ಬೆಲೆ ಹೆಚ್ಚು.

ಇಂಥ ಸಮಾಧಿಯ ರಚನೆ ಸರಳವಾಗಿ ಕಂಡರೂ ಅದರ ಹಿಂದೆ ಖಚಿತವಾದ ಲೆಕ್ಕಾಚಾರವಿದೆ. ಬಂಡೆಯಿಂದ ಎಬ್ಬಿಸಿದ ನಾಲ್ಕು ದೊಡ್ಡ ಚಪ್ಪಡಿಗಳನ್ನು ಒಂದರ ಅಂಚು ಮತ್ತೊಂದನ್ನು ತಡೆದು ಹಿಡಿಯುವಂತೆ ಸುತ್ತುಕ್ರಮದಲ್ಲಿ ನೆಟ್ಟಗೆ ನಿಲ್ಲಿಸುತ್ತಾರೆ. ಗಾರೆಯಿಲ್ಲ, ಬೆಸುಗೆಯಿಲ್ಲ. ಒಂದು ಕಲ್ಲು ಒಳಕ್ಕೆ ಬೀಳದಂತೆ ಇನ್ನೊಂದು ಕಾಯುತ್ತದೆ. ಹೀಗೆ ಉಂಟಾದ ಚೌಕದ ಮೇಲೆ ಅಗಲವಾದ ಮತ್ತೊಂದು ಚಪ್ಪಡಿಯನ್ನು ಮುಚ್ಚುಗಲ್ಲಾಗಿ ಹೇರಿದರೆ ಕೋಣೆ ಮುಗಿಯಿತು. ಸಾಮಾನ್ಯವಾಗಿ ಮೂಡಣ ದಿಕ್ಕಿನ ಚಪ್ಪಡಿಯಲ್ಲಿ ದುಂಡನೆಯ ಒಂದು ಕಿಂಡಿಯನ್ನು ಕೊರೆದಿರುತ್ತಾರೆ. ಆ ಕಾಲದಲ್ಲಿ ಕಲ್ಲಿನಲ್ಲಿ ಇಂಥದೊಂದು ವೃತ್ತವನ್ನು ತೆರೆಯಲು ಎಷ್ಟು ದಿನಗಳ ದುಡಿಮೆ ಬೇಕಾಗಿತ್ತೆಂಬುದನ್ನು ಊಹಿಸಬಹುದು. ಮುಚ್ಚುಗಲ್ಲನ್ನು ಎತ್ತಿ ಕೂರಿಸುವುದು ಒಬ್ಬಿಬ್ಬರ ಕೆಲಸವಲ್ಲ. ಒಂದು ಮನೆಯವರು ತಮ್ಮವರನ್ನು ಕಳೆದುಕೊಂಡಾಗ ಊರಿಗೆ ಊರೇ ಹೆಗಲು ಕೊಟ್ಟಿತ್ತೆಂಬುದಕ್ಕೆ ಆ ಕಲ್ಲಿನ ತೂಕವೇ ಸಾಕ್ಷಿ.

ಕೋಣೆಯ ಒಳಗೆ ಏನು ನಡೆಯುತ್ತಿತ್ತೆಂಬುದನ್ನು ತಿಳಿಸಿಕೊಟ್ಟದ್ದು ಬಯಲುಸೀಮೆಯ ಉತ್ಖನನಗಳು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಮೈಸೂರಿನ ಎಂ. ಎಚ್. ಕೃಷ್ಣ ಅವರು 1940ರ ದಶಕದ ಆರಂಭದಲ್ಲಿ ಅಗೆತ ನಡೆಸಿದ್ದರು. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿನ ಕಲ್ಲುಕೋಣೆಗಳನ್ನೂ ಗುಂಡಿಸಮಾಧಿಗಳನ್ನೂ ಪದರಪದರವಾಗಿ ತೆರೆದು ನೋಡಿದರು. ಕಿಂಡಿಯುಳ್ಳ ಕೋಣೆಗಳಲ್ಲಿ ಮೂಳೆಗಳು ಇಡಿಯ ದೇಹದ ಕ್ರಮದಲ್ಲಿರಲಿಲ್ಲ. ಶವವನ್ನು ಮೊದಲು ಬೇರೆಡೆ ಇರಿಸಿ, ಮಾಂಸ ಕಳೆದ ಮೇಲೆ ಆಯ್ದ ಮೂಳೆಗಳನ್ನು ತಂದು ಕೋಣೆಯೊಳಗೆ ಸೇರಿಸುವ ಪದ್ಧತಿ ಅದರಿಂದ ತಿಳಿದುಬಂತು. ಒಂದೇ ಕೋಣೆಯಲ್ಲಿ ಹಲವರ ಮೂಳೆಗಳಿದ್ದವು. ಜೊತೆಗೆ ಕಪ್ಪು-ಕೆಂಪು ಬಣ್ಣದ ಮಡಕೆಗಳು, ಕಬ್ಬಿಣದ ಉಪಕರಣಗಳು, ಮಣಿಗಳು ಇದ್ದವು. ಅಂದರೆ ಕೋಣೆ ಒಮ್ಮೆ ಮುಚ್ಚಿ ಮರೆತುಬಿಡುವ ಗೋರಿಯಾಗಿರಲಿಲ್ಲ. ಮತ್ತೆ ಮತ್ತೆ ಬಂದು ತಮ್ಮವರನ್ನು ಸೇರಿಸುವ ಸ್ಥಳವಾಗಿತ್ತು. ಮೂಡಣ ಕಿಂಡಿಯ ಅಗತ್ಯ ಇಲ್ಲಿ ಅರ್ಥವಾಗುತ್ತದೆ. ಅದು ಬಾಗಿಲು.

ಈ ಹಿನ್ನೆಲೆಯಲ್ಲಿ ಜನರು ಇವಕ್ಕೆ ಕೊಟ್ಟ ಹೆಸರುಗಳನ್ನು ಗಮನಿಸಬೇಕು. ದಕ್ಷಿಣ ಭಾರತದ ಬೇರೆ ಬೇರೆ ಕಡೆಗಳಲ್ಲಿ ಇವನ್ನು ಕಲ್ಮನೆ, ಪಾಂಡವರ ಮನೆ, ಮೋರಿಯರ ಮನೆ, ಮೋರಿಯರ ಬೆಟ್ಟ ಎಂದು ಕರೆಯುತ್ತಾರೆ. ಮಲಬಾರಿನಲ್ಲಿ ಇವುಗಳ ಹೆಸರು ಪಾಂಡುಕುಳಿ. ಆ ಹೆಸರಿನಿಂದಲೇ ಬ್ಯಾಬಿಂಗ್ಟನ್ ಎಂಬಾತ ಮಲಬಾರಿನ ಸಮಾಧಿಗಳ ವಿವರಣೆಯನ್ನು 1823ರಲ್ಲಿ ಪ್ರಕಟಿಸಿದನು. ಮೋರಿಯರ ಬಗೆಗೆ ಹೇಳುವ ಕಥೆ ಸ್ವಾರಸ್ಯವಾದುದು. ಅವರು ಕುಳ್ಳರು. ಬೆಂಕಿಯ ಮಳೆ ಸುರಿಯಲಿದೆಯೆಂದು ತಿಳಿದು, ಅದರಿಂದ ಪಾರಾಗಲು ಕಲ್ಲಿನ ಮನೆಗಳನ್ನು ಕಟ್ಟಿಕೊಂಡರು. ಮಳೆ ಬಂದಿತು, ಅವರು ಒಳಗೇ ಅಳಿದರು. ಕೋಣೆಗಳು ಇಷ್ಟು ಚಿಕ್ಕವಾಗಿರುವುದೇಕೆ, ಒಳಗೆ ಮೂಳೆಗಳಿರುವುದೇಕೆ, ಬಾಗಿಲು ಕೇವಲ ಒಂದು ಕಿಂಡಿಯಾಗಿರುವುದೇಕೆ ಎಂಬ ಮೂರು ಪ್ರಶ್ನೆಗಳಿಗೂ ಈ ಕಥೆ ಒಟ್ಟಿಗೇ ಉತ್ತರ ಕೊಡುತ್ತದೆ. ಕಣ್ಣಮುಂದಿನ ಅವಶೇಷವನ್ನು ಗಮನವಿಟ್ಟು ನೋಡಿದವರು ಮಾತ್ರ ಹೀಗೆ ಕಥೆ ಕಟ್ಟಬಲ್ಲರು.

ಮೋರಿಯರೆಂದರೆ ಮೌರ್ಯರೇ ಎಂದು ಕೆಲವರು ಅರ್ಥೈಸಿದ್ದುಂಟು. ಅಶೋಕನ ಶಾಸನಗಳಿರುವ ಬ್ರಹ್ಮಗಿರಿಯ ಪರಿಸರದಲ್ಲಿಯೇ ನೂರಾರು ಸಮಾಧಿಗಳಿರುವುದೂ, ಗವಿಮಠ-ಪಾಲ್ಕಿಗುಂಡುಗಳ ಶಾಸನಗಳಿರುವ ಕೊಪ್ಪಳದ ಸೀಮೆಯಲ್ಲಿಯೇ ಹಿರೇಬೆಣಕಲ್ಲು ಇರುವುದೂ ಈ ಊಹೆಗೆ ಆಸರೆಯಾಗಿ ಕಾಣಬಹುದು. ಆದರೆ ಕಾಲದ ಲೆಕ್ಕ ಇದಕ್ಕೆ ಅಡ್ಡ ಬರುತ್ತದೆ. ವೀಲರ್ ಬ್ರಹ್ಮಗಿರಿಯ ಸಮಾಧಿಗಳನ್ನು ಕ್ರಿಸ್ತಪೂರ್ವ ಎರಡನೆಯ ಶತಮಾನದಿಂದ ಈಚೆಗೆ ಇರಿಸಿದ್ದರು. ಅನಂತರ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಎಂ. ಎಸ್. ನಾಗರಾಜರಾವ್ ಅವರು 1965ರಲ್ಲಿ ನಡೆಸಿದ ಉತ್ಖನನದ ಇಂಗಾಲದ ಕಾಲನಿರ್ಣಯ ದಕ್ಷಿಣದ ಕಬ್ಬಿಣವನ್ನು ಕ್ರಿಸ್ತಪೂರ್ವ 1000ದ ಸುಮಾರಿಗೆ ಒಯ್ದಿತು. ಕಬ್ಬಿಣದೊಡನೆ ಹೆಣೆದುಕೊಂಡ ಬೃಹತ್‌ಶಿಲಾ ಸಂಸ್ಕೃತಿಯ ಆರಂಭವೂ ಹಿಂದೆ ಸರಿಯಿತು. ಮೌರ್ಯರು ಈ ನಾಡಿಗೆ ಬರುವ ಹೊತ್ತಿಗೆ ಕಲ್ಮನೆಗಳನ್ನು ಕಟ್ಟುವ ಪದ್ಧತಿ ಹಲವು ಶತಮಾನಗಳಷ್ಟು ಹಳೆಯದಾಗಿತ್ತು. ಹೆಸರು ಇತಿಹಾಸವನ್ನು ನೆನಪಿಡುತ್ತದೆ. ಆದರೆ ತನಗೆ ತಿಳಿದ ಅತ್ಯಂತ ಹಳೆಯ ಹೆಸರಿನಿಂದಲೇ ಅದಕ್ಕಿಂತ ಹಳೆಯದನ್ನೂ ಕರೆಯುತ್ತದೆ. ಪಾಂಡವರ ಹೆಸರು ಈ ಕಲ್ಲುಗಳಿಗೆ ಅಂಟಿಕೊಂಡದ್ದೂ ಹಾಗೆಯೇ.

ಆದರೂ ಆ ಹೆಸರುಗಳಲ್ಲಿ ಒಂದು ಮಾತು ತಪ್ಪಲ್ಲ. ಅದು ಮನೆ ಎಂಬ ಮಾತು. ಕಟ್ಟಿದವರೂ ಇದನ್ನು ಮನೆಯೆಂದೇ ಎಣಿಸಿದ್ದರೆಂಬುದಕ್ಕೆ ರಚನೆಯೇ ಆಧಾರ. ಗೋಡೆಯಿದೆ, ಮಾಡಿದೆ, ಬಾಗಿಲಿದೆ, ಒಳಗೆ ಪಾತ್ರೆಪರಡಿಗಳಿವೆ. ಈ ಜನರು ತಾವು ಬದುಕಿದ ಮನೆಗಳನ್ನು ಮಣ್ಣು, ಮರ, ಹುಲ್ಲುಗಳಲ್ಲಿ ಕಟ್ಟಿದರು. ಅವು ಒಂದೆರಡು ತಲೆಮಾರಿನಲ್ಲಿ ಅಳಿದವು. ಕಲ್ಲಿನಲ್ಲಿ ಕಟ್ಟಿದ್ದು ಸತ್ತವರಿಗಾಗಿ ಮಾತ್ರ. ದಕ್ಷಿಣ ಭಾರತದಲ್ಲಿ ಈ ಸಂಸ್ಕೃತಿಯ ಸಮಾಧಿಗಳು ಸಾವಿರಗಟ್ಟಲೆ ಸಿಕ್ಕರೂ ಅವರ ವಾಸದ ನೆಲೆಗಳು ವಿರಳವಾಗಿರುವುದಕ್ಕೆ ಇದೂ ಒಂದು ಕಾರಣ.

ಕರಾವಳಿಯ ಮಟ್ಟಿಗೆ ಈ ಅಧ್ಯಯನಕ್ಕೆ ಇನ್ನೊಂದು ತೊಡಕಿದೆ. ಘಟ್ಟದ ಮೇಲಿನ ಒಣನೆಲದಲ್ಲಿ ಮೂಳೆ ಬಾಳುತ್ತದೆ. ವರ್ಷದಲ್ಲಿ ನಾಲ್ಕು ತಿಂಗಳು ಸುರಿಯುವ ಮಳೆಯೂ ಮುರಕಲ್ಲಿನ ಆಮ್ಲಯುಕ್ತ ಮಣ್ಣೂ ಸೇರಿ ಕರಾವಳಿಯಲ್ಲಿ ಮೂಳೆಯನ್ನು ಕರಗಿಸುತ್ತವೆ, ಕಬ್ಬಿಣವನ್ನು ತುಕ್ಕಾಗಿಸುತ್ತವೆ. ಜೊತೆಗೆ ಇಲ್ಲಿನ ನೆಲದ ಗುಣಕ್ಕೆ ತಕ್ಕಂತೆ ಸಮಾಧಿಯ ಬಗೆಯೂ ಬದಲಾಗಿದೆ. ಅಗೆಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಮುರಕಲ್ಲಿನಲ್ಲಿ ನೆಲದೊಳಗೇ ಗುಮ್ಮಟದಾಕಾರದ ಗುಹೆಗಳನ್ನು ಕೊರೆಯುವ ಪದ್ಧತಿ ಕೇರಳದಿಂದ ತುಳುನಾಡಿನವರೆಗೆ ಹಬ್ಬಿತ್ತು. ಇಂಥ ಗುಹೆಗಳು ಹೊರಗಿನಿಂದ ಕಾಣುವುದಿಲ್ಲ. ರಸ್ತೆಗೆ ನೆಲ ತಗ್ಗಿಸುವಾಗಲೋ ಕಲ್ಲು ಕಡಿಯುವಾಗಲೋ ಆಕಸ್ಮಿಕವಾಗಿ ಬಾಯಿ ತೆರೆಯುತ್ತವೆ, ಹಲವು ಸಲ ಅದೇ ಕ್ಷಣದಲ್ಲಿ ನಾಶವೂ ಆಗುತ್ತವೆ. ಮೂಡುಕೊಣಾಜೆಯಲ್ಲಿ ಹಾಗಲ್ಲ. ಗಟ್ಟಿಬಂಡೆಯ ಗುಡ್ಡ ಸಿಕ್ಕಿದ್ದರಿಂದ ಇಲ್ಲಿನವರು ನೆಲದ ಮೇಲೆ ಎದ್ದು ನಿಂತ ಕೋಣೆಗಳನ್ನು ಕಟ್ಟಿದರು. ಕರಾವಳಿಯಲ್ಲಿ ನಿಂತು ಘಟ್ಟದ ಮೇಲಿನವರ ಪದ್ಧತಿಯನ್ನು ನೆನಪಿಸುವ ನೆಲೆ ಇದು.

2023ರಲ್ಲಿ ಈ ನೆಲೆ ಮತ್ತೆ ವಿದ್ವಾಂಸರ ಗಮನ ಸೆಳೆಯಿತು. ಶಿರ್ವದ ಮುಲ್ಕಿ ಸುಂದರರಾಮ ಶೆಟ್ಟಿ ಕಾಲೇಜಿನಲ್ಲಿ ಪ್ರಾಚೀನ ಇತಿಹಾಸ ಮತ್ತು ಪುರಾತತ್ತ್ವದ ಅಧ್ಯಾಪಕರಾಗಿದ್ದ ಟಿ. ಮುರುಗೇಶಿ ಅವರು ಇಲ್ಲಿ ನಡೆಸಿದ ಅನ್ವೇಷಣೆಯಲ್ಲಿ ಸುಟ್ಟಮಣ್ಣಿನ ಬೊಂಬೆಗಳು ದೊರೆತವು. ಮೂಳೆಯ ಹಾಗೂ ಕಬ್ಬಿಣದ ತುಣುಕುಗಳೂ ಅವುಗಳೊಡನೆ ಇದ್ದವು. ಗುರುತಿಸಲಾದ ಎಂಟು ವಸ್ತುಗಳಲ್ಲಿ ಎರಡು ಗೂಳಿ, ಒಂದು ಮಾತೃದೇವತೆ, ಎರಡು ನವಿಲು, ಒಂದು ಕುದುರೆ, ಮಾತೃದೇವತೆಯದೆನ್ನಲಾದ ಒಂದು ಕೈ, ಏನೆಂದು ತಿಳಿಯದ ಒಂದು ವಸ್ತು ಸೇರಿವೆ. ಗೂಳಿಗಳಲ್ಲಿ ಒಂದಕ್ಕೆ ಮನುಷ್ಯನ ದೇಹ, ಗೂಳಿಯ ತಲೆ. ಇವನ್ನು ಮುರುಗೇಶಿಯವರು ಕ್ರಿಸ್ತಪೂರ್ವ 800ರಿಂದ 700ರ ನಡುವಣ ಕಾಲಕ್ಕೆ ಸೇರಿಸಿದ್ದಾರೆ. ಬೃಹತ್‌ಶಿಲಾ ಸಮಾಧಿಗಳಲ್ಲಿ ಮಡಕೆ, ಕಬ್ಬಿಣ, ಮಣಿಗಳು ಸಿಗುವುದು ಸಾಮಾನ್ಯ. ಬೊಂಬೆಗಳು ಸಿಗುವುದು ಅಪರೂಪ. ಕರಾವಳಿಯ ಆರ್ದ್ರ ಮಣ್ಣಿನಲ್ಲಂತೂ ಇದು ಅನಿರೀಕ್ಷಿತ.

ಈ ಬೊಂಬೆಗಳು ತುಳುನಾಡಿನ ಭೂತಾರಾಧನೆಯ ಅಧ್ಯಯನಕ್ಕೆ ನೆರವಾಗಬಹುದೆಂಬ ಅಭಿಪ್ರಾಯವನ್ನು ಅವರೇ ಮುಂದಿಟ್ಟಿದ್ದಾರೆ. ಮಾನವದೇಹಕ್ಕೆ ಪ್ರಾಣಿಯ ಮುಖವಿರುವ ಆಕೃತಿಯನ್ನು ಕಂಡಾಗ ಕೋಣದ ರೂಪದ ಮೈಸಂದಾಯ, ಗೂಳಿಯ ರೂಪದ ನಂದಿಗೋಣ ಮೊದಲಾದ ದೈವಗಳು ತುಳುವರ ನೆನಪಿಗೆ ಬರುವುದು ಸಹಜ. ಸಾಮ್ಯ ಕಣ್ಣಿಗೆ ಕಟ್ಟುವಂತಿದೆ. ಆದರೆ ಸಂಶೋಧಕನು ಇಲ್ಲಿ ಒಂದು ಹೆಜ್ಜೆ ನಿಲ್ಲಬೇಕಾಗುತ್ತದೆ. ಸಮಾಧಿಯ ಕಾಲಕ್ಕೂ ಭೂತಾರಾಧನೆಯ ಲಭ್ಯ ದಾಖಲೆಗಳಿಗೂ ನಡುವೆ ಸಾವಿರಕ್ಕೂ ಮಿಕ್ಕ ವರ್ಷಗಳ ಅಂತರವಿದೆ. ಆ ಅಂತರವನ್ನು ತುಂಬುವ ಕೊಂಡಿಗಳು ದೊರೆಯುವವರೆಗೆ ಸಾಮ್ಯವು ಪ್ರಶ್ನೆಯಾಗಿರಬೇಕೇ ಹೊರತು ತೀರ್ಮಾನವಾಗಬಾರದು. ಆ ಕೊಂಡಿಗಳನ್ನು ಹುಡುಕಲು ಇರುವ ದಾರಿ ಕ್ರಮಬದ್ಧವಾದ ಉತ್ಖನನ. ಅದಕ್ಕೆ ಬೇಕಾದುದು ಕೆಡದ ಸಮಾಧಿ. ಕೆಡದೆ ಉಳಿದಿರುವುದು ಎರಡೇ ಎಂಬ ಮಾತಿನ ಗಾಂಭೀರ್ಯ ಇಲ್ಲಿದೆ.

ಸಾಹಿತ್ಯದ ವಿದ್ಯಾರ್ಥಿಗಳು ಈ ನೆಲೆಗೆ ಬಂದಾಗ ಮೊದಲು ಕಾಡುವುದು ಅಕ್ಷರದ ಅಭಾವ. ಕನ್ನಡದ ಕಲ್ಲು ಎಂದರೆ ಅವರ ಮನಸ್ಸಿಗೆ ಬರುವುದು ಓದಬಹುದಾದ ಕಲ್ಲು. ವೀರಗಲ್ಲಿನಲ್ಲಿ ಸತ್ತವನ ಹೆಸರಿದೆ, ಸತ್ತ ಸಂದರ್ಭವಿದೆ. ಮಾಸ್ತಿಕಲ್ಲಿಗೂ ತನ್ನದೇ ಸಂಜ್ಞೆಗಳಿವೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಏಳನೆಯ ಶತಮಾನದಿಂದಾಚೆಗೆ ಕೆತ್ತಿರುವ ನಿಸಿಧಿ ಶಾಸನಗಳು ಸಲ್ಲೇಖನದಿಂದ ದೇಹ ಬಿಟ್ಟವರ ಹೆಸರು, ಗುರು, ಸಂಘ, ವ್ರತಗಳನ್ನು ಹೇಳುತ್ತವೆ. ಕನ್ನಡದ ಅತ್ಯಂತ ಹಳೆಯ ಕಾವ್ಯತುಣುಕುಗಳಲ್ಲಿ ಒಂದೆಂದು ಎಲ್ಲ ಚರಿತ್ರೆಗಳೂ ಎತ್ತಿ ಹೇಳುವ ನಂದಿಸೇನ ಮುನಿಯ ಪದ್ಯ ಇರುವುದೂ ಅಲ್ಲಿಯೇ, ಒಂದು ಸಾವಿನ ಕಲ್ಲಿನ ಮೇಲೆ. ಸಾವಿನ ಸ್ಮಾರಕವೂ ಕಾವ್ಯವೂ ಈ ನಾಡಿನಲ್ಲಿ ಜೊತೆಜೊತೆಯಾಗಿ ಬೆಳೆದವು.

ನಿಸಿಧಿಯೂ ಕಲ್ಮನೆಯೂ ಒಂದೇ ಪರಂಪರೆಯ ಎರಡು ತುದಿಗಳೆಂದು ಹೇಳಲು ಆಧಾರವಿಲ್ಲ. ಅವುಗಳ ಹಿಂದಿನ ದೃಷ್ಟಿಗಳೇ ಬೇರೆ. ಕಲ್ಮನೆಯನ್ನು ಕಟ್ಟಿದವರು ಸತ್ತವನಿಗೆ ಮಡಕೆ, ಆಯುಧ, ಆಭರಣಗಳ ಅಗತ್ಯವಿದೆಯೆಂದು ನಂಬಿದರು. ದೇಹದ ಉಳಿಕೆಯನ್ನು ಕಾಪಾಡಿದರು. ನಿಸಿಧಿಯ ಮೂಲದಲ್ಲಿರುವುದು ದೇಹವೂ ಪರಿಗ್ರಹವೂ ಬಿಡಬೇಕಾದವು ಎಂಬ ನಿಲುವು. ಅಲ್ಲಿ ಉಳಿಸಬೇಕಾದುದು ಮೂಳೆಯಲ್ಲ, ನಡತೆಯ ನೆನಪು. ಒಂದರಲ್ಲಿ ಕಲ್ಲು ಮನೆಯಾಯಿತು, ಇನ್ನೊಂದರಲ್ಲಿ ಪುಟವಾಯಿತು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗ ಮಾತ್ರ ಕನ್ನಡ ನಾಡಿನಲ್ಲಿ ಸತ್ತವನಿಗೆ ಹೆಸರು ಕೊಡುವ ಪದ್ಧತಿ ಎಷ್ಟು ತಡವಾಗಿ ಬಂತೆಂಬುದು ಮನವರಿಕೆಯಾಗುತ್ತದೆ.

ಅಕ್ಷರವಿಲ್ಲದ ಈ ಲೋಕಕ್ಕೆ ಸಾಹಿತ್ಯದ ಸಾಕ್ಷ್ಯ ಪೂರ್ತಿ ಇಲ್ಲವೆಂದೂ ಹೇಳುವಂತಿಲ್ಲ. ಅದು ದೊರೆಯುವುದು ನೆರೆಯ ತಮಿಳಿನಲ್ಲಿ. ಪುರನಾನೂರಿನ ಒಂದು ಪದ್ಯದಲ್ಲಿ ಗಂಡನನ್ನು ಕಳೆದುಕೊಂಡವಳೊಬ್ಬಳು ಊರಿನ ಕುಂಬಾರನನ್ನು ಕರೆದು, ಅವನಿಗಾಗಿ ಮಾಡುವ ಶವಕುಂಭವನ್ನು ತಾನೂ ಹಿಡಿಸುವಷ್ಟು ಅಗಲವಾಗಿ ಮಾಡಿಕೊಡೆಂದು ಬೇಡುತ್ತಾಳೆ. ಬೌದ್ಧಕಾವ್ಯವಾದ ಮಣಿಮೇಕಲೈಯಲ್ಲಿ ಸುಡುವುದು, ಬಯಲಿನಲ್ಲಿ ಬಿಡುವುದು, ಗುಂಡಿಯಲ್ಲಿ ಹೂಳುವುದು, ನೆಲಮಾಳಿಗೆಯಲ್ಲಿ ಇಡುವುದು, ಕುಂಭದಿಂದ ಮುಚ್ಚುವುದು ಎಂಬ ಐದು ಬಗೆಗಳ ಉಲ್ಲೇಖವಿದೆ. ಉತ್ಖನನದಲ್ಲಿ ಕಾಣುವ ಬಗೆಬಗೆಯ ಸಮಾಧಿಗಳು ಏಕಕಾಲದಲ್ಲಿ ಬಳಕೆಯಲ್ಲಿದ್ದುವೆಂಬುದನ್ನು ಕಾವ್ಯವೇ ಹೀಗೆ ಸಮರ್ಥಿಸುತ್ತದೆ. ಕುಂಬಾರನ ಮುಂದೆ ನಿಂತ ಆ ಹೆಂಗಸಿನ ದನಿಯನ್ನು ಕೇಳಿದ ಮೇಲೆ, ಮೂಡುಕೊಣಾಜೆಯ ಕೋಣೆಯನ್ನು ಕೇವಲ ನಾಲ್ಕು ಚಪ್ಪಡಿಗಳ ಜೋಡಣೆಯೆಂದು ನೋಡುವುದು ಸಾಧ್ಯವಾಗದು. ಅಲ್ಲಿಯೂ ಯಾರೋ ಯಾರಿಗಾಗಿಯೋ ಬೇಡಿರಬೇಕು. ಯಾರೋ ಮಣ್ಣನ್ನು ತಟ್ಟಿ ನವಿಲಿನ ರೂಪ ಕೊಟ್ಟು ಸುಟ್ಟು ತಂದಿರಬೇಕು.

ಇಂಥ ನೆಲೆಗಳು ಹಾಳಾಗುವ ಬಗೆ ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ. ಪಾಂಡವರ ಹೆಸರು ಕೆಲವೆಡೆ ಜನರಲ್ಲಿ ಭಯಭಕ್ತಿಯನ್ನು ಮೂಡಿಸಿ ಕಲ್ಲುಗಳನ್ನು ಕಾದಿದೆ. ಇನ್ನು ಕೆಲವೆಡೆ ಅದೇ ಹೆಸರು ಪಾಂಡವರು ಹೂಳಿಟ್ಟ ಚಿನ್ನದ ಆಸೆಯನ್ನು ಹುಟ್ಟಿಸಿದೆ. ನಿಧಿಗಳ್ಳರು ಮುಚ್ಚುಗಲ್ಲನ್ನು ಉರುಳಿಸಿ ಒಳಗೆ ಅಗೆದಾಗ ಅವರ ಕೈಗೆ ಸಿಗುವುದು ಒಡೆದ ಮಡಕೆ ಮತ್ತು ಮೂಳೆಚೂರು. ಅವರ ಪಾಲಿಗೆ ಅದು ಕಸ. ಅದನ್ನು ಹೊರಗೆ ಎರಚಿ ಹೋಗುತ್ತಾರೆ. ಎರಚಿದ ಮಡಕೆಯನ್ನು ಅನಂತರ ಆರಿಸಿ ವಸ್ತುಸಂಗ್ರಹಾಲಯದಲ್ಲಿಟ್ಟರೂ, ಅದು ಯಾವ ಮೂಳೆಯ ಪಕ್ಕದಲ್ಲಿತ್ತು, ಯಾವ ದಿಕ್ಕಿಗೆ ಮುಖಮಾಡಿತ್ತು, ಯಾವ ಪದರದಲ್ಲಿತ್ತು ಎಂಬುದು ಮರಳಿ ಬರುವುದಿಲ್ಲ. ಅಕ್ಷರವಿಲ್ಲದ ಸಂಸ್ಕೃತಿಗೆ ವಸ್ತುಗಳ ಜೋಡಣೆಯೇ ವಾಕ್ಯ. ಜೋಡಣೆ ಕೆಟ್ಟ ಮೇಲೆ ಉಳಿಯುವುದು ಬಿಡಿ ಪದಗಳು.

ಕಾಯಿದೆಗಳಿಲ್ಲವೆಂದಲ್ಲ. ಪ್ರಾಚೀನ ಸ್ಮಾರಕಗಳ ರಕ್ಷಣೆಗೆ ಕೇಂದ್ರದ 1958ರ ಅಧಿನಿಯಮವಿದೆ, ಕರ್ನಾಟಕದ 1961ರ ಅಧಿನಿಯಮವಿದೆ. ನಿಧಿಶೋಧ ದಂಡನಾರ್ಹ ಅಪರಾಧ. 2021ರಲ್ಲಿ ಹಿರೇಬೆಣಕಲ್ಲು ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದ್ದರಿಂದ ಬೃಹತ್‌ಶಿಲಾ ನೆಲೆಗಳಿಗೆ ಹೊಸ ಗೌರವವೂ ಬಂದಿದೆ. ಆದರೆ ಯಾವ ಪಟ್ಟಿಗೂ ಸೇರದ ಚಿಕ್ಕ ನೆಲೆಗಳು ನಾಡಿನುದ್ದಕ್ಕೂ ಹರಡಿವೆ. ಅವುಗಳ ಮೊದಲ ರಕ್ಷಣೆ ನಡೆಯುವುದು ಕಛೇರಿಯಲ್ಲಲ್ಲ. ಈ ಕಲ್ಲು ಏನೆಂದು ಬಲ್ಲ ಒಬ್ಬ ಅಧ್ಯಾಪಕ, ಒಬ್ಬ ವಿದ್ಯಾರ್ಥಿ, ಒಬ್ಬ ಜಮೀನುದಾರ ಆ ಊರಿನಲ್ಲಿದ್ದಾಗ ನಡೆಯುತ್ತದೆ. ಮೂಡುಕೊಣಾಜೆ ಬೆಳಕಿಗೆ ಬಂದದ್ದು ಸ್ಥಳೀಯ ಇತಿಹಾಸಕಾರರ ಕಾಲ್ನಡಿಗೆಯಿಂದ ಎಂಬುದನ್ನು ಮರೆಯಲಾಗದು. ಅಳತೆ, ದಿಕ್ಕು, ಛಾಯಾಚಿತ್ರ, ಸುತ್ತಲಿನವರು ಹೇಳುವ ಹೆಸರು ಮತ್ತು ಕಥೆ: ಇಷ್ಟನ್ನು ಕಲ್ಲನ್ನು ಮುಟ್ಟದೆ ದಾಖಲಿಸಿಕೊಳ್ಳುವುದು ಸಾಹಿತ್ಯದ ವಿದ್ಯಾರ್ಥಿಯೂ ಮಾಡಬಲ್ಲ ಕೆಲಸ.

ಮೂಡು ಎಂದರೆ ಪೂರ್ವ. ಮೂಡುಬಿದಿರೆಯ ಹೆಸರಿನಲ್ಲಿಯೂ ಮೂಡುಕೊಣಾಜೆಯ ಹೆಸರಿನಲ್ಲಿಯೂ ಆ ದಿಕ್ಕು ನೆಲೆಸಿದೆ. ಈ ಊರುಗಳಿಗೆ ಹೆಸರಿಟ್ಟವರಿಗಿಂತ ಎಷ್ಟೋ ಮೊದಲು ಬೃಹತ್‌ಶಿಲಾ ಕಾಲದ ಜನ ತಮ್ಮ ಮೃತರ ಮನೆಗೆ ಬಾಗಿಲಿಡಲು ಆರಿಸಿಕೊಳ್ಳುತ್ತಿದ್ದ ದಿಕ್ಕೂ ಸಾಮಾನ್ಯವಾಗಿ ಅದೇ. ಅವರ ಭಾಷೆ ಯಾವುದು, ಒಳಗೆ ಮಲಗಿದವರ ಹೆಸರೇನು ಎಂಬುದನ್ನು ಯಾವ ಕಲ್ಲೂ ಹೇಳುವುದಿಲ್ಲ. ಬಸದಿಯ ಸಾವಿರ ಕಂಬಗಳನ್ನು ನೋಡಲು ಘಟ್ಟವಿಳಿದು ಬಂದವರು ಇನ್ನೆಂಟು ಕಿಲೋಮೀಟರು ಮುಂದೆ ಹೋದರೆ, ಹೆಸರಿಲ್ಲದ ಆ ಮನೆಗಳಲ್ಲಿ ಎರಡಾದರೂ ಇನ್ನೂ ನಿಂತಿರುವುದನ್ನು ಕಾಣಬಹುದು.